ನಾಲ್ಕು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು, ಬಿದ್ದುಹೋದ ಚೌಕ

[ಮೇಜಿನ ಮೇಲೆ ಬೆಂಕಿಪೊಟ್ಟಣ, ಕಪ್ಪು ರಬ್ಬರ್ ಕೊಳವೆ. ಕೈಗಳು ಮಾತ್ರ ಕಾಣ್ತಿವೆ.]

ಈ ಚೌಕ ನೋಡಿ. ನಾಲ್ಕು ಕಡ್ಡಿ, ನಾಲ್ಕು ಮೂಲೇಲೂ ರಬ್ಬರ್ ತುಂಡು. ಈಗ ಒಂದೇ ಬೆರಳಲ್ಲಿ ತಳ್ತೀನಿ... ಹೋಯ್ತು! ಹಬ್ಬದೂಟ ಮಾಡಿದ ಮಾವನ ಥರ ಒಂದು ಕಡೆ ವಾಲಿ ಮಲಗೇಬಿಡ್ತು.

[ಮುಖ ಕಾಣುತ್ತೆ.]

ನಮಸ್ಕಾರ. ಹೋದ ವಾರ ಒಬ್ಬರು ಮೇಡಂ ಮೆಸೇಜ್ ಹಾಕಿದ್ರು. ಹಳ್ಳಿ ಶಾಲೆ. ಲ್ಯಾಬ್ ಅಂದ್ರೆ ಬೀಗ ಹಾಕಿದ ಒಂದು ಬೀರು, ಕೀ ಯಾರ ಹತ್ರ ಇದೆ ಅಂತ ಯಾರಿಗೂ ಗೊತ್ತಿಲ್ಲ. "ಇಪ್ಪತ್ತು ಮೂವತ್ತು ರೂಪಾಯಲ್ಲಿ, ಹಿಂದಿನ ಬೆಂಚಿನ ಹುಡುಗ್ರೂ ಎದ್ದು ಬಂದು ನೋಡೋ ಹಾಗೆ ಏನಾದ್ರೂ ಇದೆಯಾ?" ಅಂತ ಕೇಳಿದ್ರು.

ಫ್ಲ್ಯಾಶ್ ಕಾರ್ಡು, ಚಾರ್ಟು, ಕ್ವಿಜ್ಜು, ಇವೆಲ್ಲ ನಿಮಗೆ ಗೊತ್ತು. ಡಿ.ಎಡ್ ಮಾಡೋವಾಗ್ಲೇ ಥರ್ಮಾಕೋಲ್ ಕುಯ್ದು ಕುಯ್ದು ಸಾಕಾಗಿರುತ್ತೆ. ನೇರ ನನ್ನ ಪ್ರೀತಿಯ ವಸ್ತುವಿಗೆ ಬರ್ತೀನಿ.

[ರಬ್ಬರ್ ಕೊಳವೆ ಎತ್ತಿ ಹಿಡಿದು]

ಸೈಕಲ್ ವಾಲ್ವ್ ಟ್ಯೂಬ್. ಹಳೇ ಕಾಲದ ಸೈಕಲ್ ವಾಲ್ವಿನ ಕಡ್ಡಿ ಮೇಲೆ ಹಾಕೋ ರಬ್ಬರ್. ಪಂಪ್ ಹೊಡೆದಾಗ ಗಾಳಿ ರಬ್ಬರನ್ನ ಉಬ್ಬಿಸಿ ಒಳಗೆ ಹೋಗುತ್ತೆ, ವಾಪಸ್ ಬರೋಕೆ ಹೋದ್ರೆ ಅದೇ ರಬ್ಬರ್ ತೂತು ಮುಚ್ಕೊಳ್ಳುತ್ತೆ. ನಾನು ಅಂಗಡೀಲಿ ಒಂದು ಮೀಟರ್ ಕೇಳಿದಾಗ ಅಣ್ಣ ನನ್ನನ್ನೇ ಅನುಮಾನದಿಂದ ನೋಡಿದ್ರು: "ಎಷ್ಟು ಸೈಕಲ್ ಇದೆ ನಿಮ್ಮತ್ರ?"

ಈ ರಬ್ಬರ್ ಕ್ಲಾಸಿಗೆ ಬಂದ ಕಥೆ ಹೀಗಿದೆ. 1972ರಲ್ಲಿ ಮಧ್ಯಪ್ರದೇಶದ ಹೊಶಂಗಾಬಾದ್ ಜಿಲ್ಲೇಲಿ 16 ಹಳ್ಳಿ ಶಾಲೆಗಳಲ್ಲಿ ಒಂದು ಪ್ರಯೋಗ ಶುರುವಾಯ್ತು. ವಿಜ್ಞಾನ ಬಾಯಿಪಾಠ ಅಲ್ಲ, ಮಕ್ಕಳು ಕೈಯಾರೆ ಮಾಡಿ ಕಲೀಬೇಕು ಅನ್ನೋದು ಅದರ ಹಟ. ಕಾನ್ಪುರ ಐಐಟೀಲಿ ಓದಿದ ಅರವಿಂದ ಗುಪ್ತಾ ಅನ್ನೋ ಎಂಜಿನಿಯರ್, ಪುಣೇಲಿ ಲಾರಿ ತಯಾರಿಸೋ ಕಂಪನಿಗೆ ರಜೆ ಹಾಕಿ 1978ರಲ್ಲಿ ಅಲ್ಲಿಗೆ ಬಂದ್ರು. ಅಲ್ಲಿ ಹುಟ್ಟಿದ್ದು ಈ ಜೋಡಿ: ಬೆಂಕಿಕಡ್ಡಿ ಮತ್ತು ವಾಲ್ವ್ ಟ್ಯೂಬ್. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊಶಂಗಾಬಾದಿನ ಆ ಕಾರ್ಯಕ್ರಮವನ್ನ ಮಾತ್ರ ಸರ್ಕಾರ 2002ರಲ್ಲೇ ನಿಲ್ಲಿಸಿಬಿಟ್ಟಿತ್ತು. ಈ ಬಗ್ಗೆ ನನಗೆ ಹೇಳೋಕೆ ತುಂಬ ಇದೆ, ಇನ್ನೊಂದು ವಿಡಿಯೋಗೆ ಇಟ್ಕೋತೀನಿ.

ಮಾಡೋದು ಸುಲಭ. ಟ್ಯೂಬನ್ನ ಒಂದೂವರೆ ಸೆಂಟಿಮೀಟರ್ ತುಂಡು ಮಾಡಿ, ಎರಡು ತುದಿಗೂ ಒಂದೊಂದು ಕಡ್ಡಿ ತೂರಿಸಿ. ಕಡ್ಡಿಯ ಮದ್ದು ಮೊದಲೇ ಕೆರೆದಿರಬೇಕು, ಅದು ಮೇಷ್ಟ್ರ ಕೆಲಸ, ಮಕ್ಕಳದ್ದಲ್ಲ. ಮರದ ಕಡ್ಡೀನೇ ಬೇಕು. ಮೇಣದ ಕಡ್ಡಿ ಬಾಗುತ್ತೆ, ನಿಮ್ಮ ಮಾನ ಹೋಗುತ್ತೆ.

[ಮತ್ತೆ ಮೇಜು.]

ಈಗ ತ್ರಿಭುಜ. ತಳ್ತೀನಿ. ಅಲ್ಲಾಡ್ತಿಲ್ಲ. ಮೂರು ಕೀಲೂ ಮೆತ್ತಗಿವೆ, ಆದ್ರೂ ಆಕಾರ ಬಿಡ್ತಿಲ್ಲ! ಯಾಕೆ? ಮೂರು ಬಾಹುಗಳ ಉದ್ದ ಗೊತ್ತಾದ್ರೆ ತ್ರಿಭುಜ ಒಂದೇ ರೀತಿ ಆಗೋಕೆ ಸಾಧ್ಯ. ಎಂಟು ಒಂಬತ್ತನೇ ಕ್ಲಾಸಲ್ಲಿ 'ಬಾಹು-ಬಾಹು-ಬಾಹು' ಅಂತ ರಾಗವಾಗಿ ಒಪ್ಪಿಸಿದ್ವಲ್ಲ, ಅದೇ ಇದು. ನನಗೆ ಆಗ ಅದು ಮಂಗಳಾರತಿ ಥರ ಕೇಳಿಸ್ತಿತ್ತು. ಬೆರಳಿಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ.

ಈಗ ಬಿದ್ದ ಚೌಕ ಎತ್ತೋಣ. ಮೂಲೆಯಿಂದ ಎದುರು ಮೂಲೆಗೆ ಅಡ್ಡ ಒಂದು ಕಡ್ಡಿ ಕೊಟ್ರೆ ನಿಲ್ಲುತ್ತೆ ಅಂತ ಮಕ್ಕಳು ತಾವೇ ಹೇಳ್ತಾರೆ. ಕೊಡ್ಲಿ ಬಿಡಿ. ಕೊಟ್ಟಾಗ ಏನಾಯ್ತು ನೋಡಿ.

[ಹತ್ತಿರದಿಂದ.]

ನಿಂತಿತು, ಆದ್ರೆ ಚೌಕ ಎಲ್ಲೋಯ್ತು? ಇದು ವಜ್ರಾಕೃತಿ! ಎರಡು ಸಮಬಾಹು ತ್ರಿಭುಜ ಬೆನ್ನಿಗೆ ಬೆನ್ನು ಅಂಟಿಸಿದ ಹಾಗಿದೆ. ಚೌಕ ಚೌಕವಾಗೇ ನಿಲ್ಲಬೇಕಾದ್ರೆ ಕರ್ಣ ಬಾಹುಗಿಂತ ಉದ್ದ ಇರಬೇಕು: 4 ಸೆಂಟಿಮೀಟರ್ ಬಾಹುಗೆ ಸುಮಾರು 5.7. ಬೆಂಕಿಕಡ್ಡಿ ಸಾಲಲ್ಲ, ತೆಂಗಿನಗರಿ ಪೊರಕೆ ಕಡ್ಡಿ ಮುರೀಬೇಕು. ಎಷ್ಟುದ್ದ ಮುರೀಬೇಕು ಅಂತ ಮಗು ಕೇಳುತ್ತಲ್ಲ, ಪೈಥಾಗೊರಸ್‌ನನ್ನ ಒಳಗೆ ಕರೆಯೋಕೆ ಅದೇ ಮುಹೂರ್ತ. ಮೊದಲೇ ಬೋರ್ಡ್ ಮೇಲೆ ಬರೆದ್ರೆ ಮಜಾ ಕೆಡುತ್ತೆ.

ಅದಕ್ಕೇ ನನಗೆ ಥರ್ಮಾಕೋಲ್ ಮಾಡೆಲ್ ಅಂದ್ರೆ ಅಲರ್ಜಿ. ಬೀರು ಮೇಲೆ ಚೆಂದ ಕಾಣುತ್ತೆ, ಮುಟ್ಟಿದ್ರೆ ಮೇಷ್ಟ್ರು ಬೈತಾರೆ. ಬೀಳದೇ ಇರೋ ವಸ್ತು ಯಾವ ಪ್ರಶ್ನೇನೂ ಕೇಳಲ್ಲ.

ಇದಾದ ಮೇಲೆ ಐದು ಬಾಹು: ಎರಡು ಅಡ್ಡಕಡ್ಡಿ ಬೇಕು. ಆರು ಬಾಹು: ಮೂರು. ಏಳಕ್ಕೆ? ಕಡ್ಡಿ ಮುಟ್ಟೋಕೆ ಮುಂಚೇನೇ ಕೆಲವರು ನಾಲ್ಕು ಅಂತಾರೆ. ಬೀಜಗಣಿತ ಅನ್ನೋ ಪದ ಬಾಯಿಗೇ ಬಂದಿಲ್ಲ ಇನ್ನೂ. ಆಮೇಲೆ ಕ್ಲಾಸಿನಿಂದ ಹೊರಗೆ ಕರ್ಕೊಂಡು ಹೋಗಿ. ಹೆಂಚಿನ ಮಾಡಿನ ಕೆಳಗಿನ ಮರದ ಚೌಕಟ್ಟು, ಕರೆಂಟಿನ ದೊಡ್ಡ ಟವರ್, ರೈಲ್ವೆ ಸೇತುವೆ, ತ್ರಿಭುಜ ಎಣಿಸ್ಲಿ. ಕೊನೇಗೆ ನಿಮ್ಮ ಸೈಕಲ್ಲನ್ನೇ ತೋರಿಸಿ. ಹಿಂಚಕ್ರದ ಹತ್ರ ಸರಿಯಾದ ತ್ರಿಭುಜ ಇದೆ. ಮುಂದಿನದು ಮಾತ್ರ ಮೋಸ: ಹ್ಯಾಂಡಲ್ ಕೆಳಗೆ ಪುಟ್ಟದೊಂದು ನಾಲ್ಕನೇ ಬಾಹು ಬಚ್ಚಿಟ್ಕೊಂಡಿದೆ. ಅದನ್ನ ಕಂಡುಹಿಡಿದ ಮಗುಗೆ ಒಂದು ಕಡ್ಲೆಮಿಠಾಯಿ.

[ಗಡಿಯಾರ ನೋಡಿ]

ಅಯ್ಯೋ, ಒಂದರಲ್ಲೇ ಟೈಮ್ ಮುಗೀತು. ಉಳಿದಿದ್ದು ಓಡಿಸ್ಕೊಂಡು ಹೇಳ್ತೀನಿ. ಪೇಪರ್ ಸ್ಟ್ರಾ ತುದಿ ಚಪ್ಪಟೆ ಮಾಡಿ, ಎರಡೂ ಪಕ್ಕ ಓರೆಯಾಗಿ ಕತ್ತರಿಸಿ ಊದಿ. [ಪೀ...] ಊದ್ತಾ ಊದ್ತಾ ಇನ್ನೊಂದು ತುದಿ ಕತ್ತರಿಸ್ತಾ ಹೋದ್ರೆ ಸ್ವರ ಏರುತ್ತೆ. ಪಕ್ಕದ ಕ್ಲಾಸಿನವರ ಕ್ಷಮೆ ಮೊದಲೇ ಕೇಳಿಡಿ. ಇನ್ನೊಂದು, ಗುಂಡಿಯ ಎರಡು ತೂತಿಗೆ ದಾರ ಪೋಣಿಸಿ ಗುಯ್ಯ್ ಅನ್ನಿಸ್ತಿದ್ವಲ್ಲ ಆ ಆಟ. ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದಲ್ಲಿರೋ ವಿಜ್ಞಾನಿ ಮನು ಪ್ರಕಾಶ್ ತಂಡ 2017ರಲ್ಲಿ ಅದನ್ನೇ ಕಾಗದದಲ್ಲಿ ಮಾಡಿ ನಿಮಿಷಕ್ಕೆ 1,25,000 ಸುತ್ತು ತಿರುಗಿಸಿ, ರಕ್ತದಿಂದ ಪ್ಲಾಸ್ಮಾ, ಅಂದ್ರೆ ಅದರ ದ್ರವಭಾಗ, ಬೇರೆ ಮಾಡಿ ತೋರಿಸ್ತು. ಮಕ್ಕಳಿಗೆ ರಕ್ತ ಬೇಡ, ಗುಂಡಿ ಸಾಕು.

ಮೇಡಂ, ನಿಮಗೊಂದು ಹೋಂವರ್ಕ್. ಟ್ಯೂಬಿನ ತುಂಡಿಗೆ ನಡುವೆ ಜಾಲಿಮುಳ್ಳಲ್ಲಿ ತೂತು ಮಾಡಿದ್ರೆ ಮೂರನೇ ಕಡ್ಡೀನೂ ಸಿಕ್ಕಿಸಬಹುದು. ಹಾಗೆ 12 ಕಡ್ಡೀಲಿ ದಾಳದ ಆಕಾರದ ಒಂದು ಘನ ಕಟ್ಟಿ. ಬೀಳುತ್ತೆ. ನಿಲ್ಲಿಸೋಕೆ ಕಡಿಮೆ ಅಂದ್ರೆ ಎಷ್ಟು ಅಡ್ಡಕಡ್ಡಿ ಬೇಕು? ನಾನು ಹೇಳಲ್ಲ, ನಿಮ್ಮ ಹಿಂದಿನ ಬೆಂಚಿನವರನ್ನೇ ಕೇಳಿ. ಸುಳಿವು ಬೇಕಂದ್ರೆ, ಘನಕ್ಕೆ ಮುಖ ಎಷ್ಟು ಅಂತ ಎಣಿಸೋಕೆ ಹೇಳಿ.