ತಾರೀಖು ಬರೆದಿಡಿ

ಶಿಫ್ಟ್ ಮುಗಿಸಿ ಬಂದು, ಒಲೆಯ ಮೇಲೆ ಸಾರಿಗಿಟ್ಟು ರೇಡಿಯೊ ಹಾಕಿರುವ ಅಕ್ಕ ತಂಗಿಯರೇ, ನಮಸ್ಕಾರ. ನಾನು ವಕೀಲೆ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂರುತ್ತೇನೆ. ಇವತ್ತು ಹೇಳುವುದು ಒಂದೇ ಮಾತು. ತಾರೀಖು ಬರೆದಿಡಿ.

ಗಾರ್ಮೆಂಟ್ಸ್‌ನಲ್ಲಿ ಒಬ್ಬಳು ಟೈಲರ್. ಯಾವ ಫ್ಯಾಕ್ಟರಿ ಎಂದು ಕೇಳಬೇಡಿ, ಗುರುತು ಹೊರಗೆ ಹಾಕಲು ಕಾನೂನು ಬಿಡುವುದಿಲ್ಲ. ಹೊಲಿಗೆ ನೋಡುವ ನೆಪದಲ್ಲಿ ಸೂಪರ್‌ವೈಸರ್ ಹಿಂದಿನಿಂದ ಬಂದು ಮೈಗೆ ತಾಗಿ ನಿಲ್ಲುತ್ತಿದ್ದ. ಬೇಡ ಸಾರ್ ಎಂದರೆ ಮರುದಿನ ಟಾರ್ಗೆಟ್ ಜಾಸ್ತಿ. ಜೊತೆಯವರು, ‘ಸುಮ್ನಿರೇ, ಕೆಲಸ ಹೋಗುತ್ತೆ’ ಎಂದರಂತೆ.

ವಿಚಾರಣೆಯ ದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ‘ಯಾವತ್ತು, ಎಷ್ಟು ಹೊತ್ತಿಗೆ, ಹೇಳಲಿ ನೋಡೋಣ’ ಎಂದ. ಈಕೆ ಊಟದ ಚೀಲದಿಂದ ಗೋಡೆ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಹರಡಿದಳು. ಹಾಲಿನ ಲೆಕ್ಕ, ಚೀಟಿ ಕಟ್ಟಿದ ದಿನ, ಗ್ಯಾಸ್ ಬಂದ ದಿನ. ನಡುವೆ ಏಳು ಕಡೆ ಕೆಂಪು ಗುರುತು. ಒಂದರ ಪಕ್ಕ ‘ಊಟದ ಬೆಲ್ ಮುಂಚೆ’, ಇನ್ನೊಂದರ ಪಕ್ಕ ‘ಓಟಿ’. ‘ಆ ದಿನಗಳಲ್ಲಿ ನಾನು ರಜೆ’ ಎಂದ ಅವನು. ಹಾಜರಿ ತರಿಸಿದೆವು. ಏಳಕ್ಕೆ ಏಳು ದಿನವೂ ಅದೇ ಲೈನಿನಲ್ಲಿದ್ದ! ಇಷ್ಟು ವರ್ಷ ವಕೀಲಿ ಮಾಡಿದ ನನಗೂ ಅಷ್ಟು ಚೆನ್ನಾಗಿ ಸಾಕ್ಷಿ ಜೋಡಿಸಲು ಬರುತ್ತಿರಲಿಲ್ಲ.

ತಾರೀಖು ಯಾಕೆ ಗೊತ್ತಾ? ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ, ಕೊನೆಯ ಸಲ ನಡೆದ ದಿನದಿಂದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಡವಾಗಿದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬರುವುದಿಲ್ಲವೇ? ಬರೆಯಲು ನೆರವಾಗುವುದು ಸಮಿತಿಯವರ ಕೆಲಸ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ಅವನನ್ನು ಬೇರೆ ಕಡೆ ಹಾಕಿ ಎಂದು ನೀವು ಕೇಳಬಹುದು.

ಮ್ಯಾನೇಜರ್ ಸಾಹೇಬರೂ ಕೇಳುತ್ತಿದ್ದೀರಾ? ಹತ್ತು ಜನ ಕೆಲಸಕ್ಕಿದ್ದರೆ ಸಮಿತಿ ಇರಲೇಬೇಕು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಸದಸ್ಯರ ಹೆಸರು ಗೋಡೆಗೆ ಹಚ್ಚಿ ಎಂದರೆ ಎಚ್.ಆರ್. ಕೋಣೆಯೊಳಗೆ ಹಚ್ಚುತ್ತೀರಿ. ಅಲ್ಲಿ ಯಾರು ಓದಬೇಕು ಸ್ವಾಮಿ? ದೂರು ತಂದವಳಿಗೆ ‘ಅಡ್ಜಸ್ಟ್ ಮಾಡ್ಕೊಳ್ಳಮ್ಮ’ ಅನ್ನುವುದನ್ನಾದರೂ ದಯವಿಟ್ಟು ಬಿಡಿ.

ಮನೆಗೆಲಸ ಮಾಡುವವರ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತಂತೆ. ಮನೆಗೆಲಸದ ಅಕ್ಕಂದಿರೇ, ನಿಮಗೂ ಸಣ್ಣ ಅಂಗಡಿಯಲ್ಲಿ ದುಡಿಯುವವರಿಗೂ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇದೆ. ಅಲ್ಲಿಗೆ ಹೋಗುವಾಗಲೂ ತಾರೀಖು ಬರೆದುಕೊಂಡೇ ಹೋಗಿ. ನಮಸ್ಕಾರ.