ಡಯಾಲಿಸಿಸ್‌ನವರ ಮೈಮೇಲೆ ನೀರುಗುಳ್ಳೆ ಎದ್ದರೆ

ಕೇಳುಗರಿಗೆ ನಮಸ್ಕಾರ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯಲ್ಲಿ ತುರಿಕೆ ಅನ್ನುವುದು ದೊಡ್ಡ ಸುದ್ದಿಯೇ ಅಲ್ಲ. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಯಂತ್ರದ ಪಕ್ಕ ಮಲಗಿ ಬಂದವರು ರಾತ್ರಿಯೆಲ್ಲ ಬೆನ್ನು ಕೆರೆದುಕೊಳ್ಳುತ್ತಾರೆ. ಕೇಳಿದರೆ, 'ಕಿಡ್ನಿ ಹೋದವರಿಗೆ ಇದು ಇದ್ದದ್ದೇ ಬಿಡಿ' ಅಂತಾರೆ. ಬಹಳ ಜನರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಅಪರೂಪಕ್ಕೆ ಕೆಲವರಲ್ಲಿ ಆ ತುರಿಕೆ ಬೇರೆಯೇ ಕಾಯಿಲೆಯ ಮುನ್ಸೂಚನೆ ಆಗಿರುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಬರೀ ತುರಿಕೆ, ಕೆಂಪು ದದ್ದು. ಆಮೇಲೆ ಒಂದು ದಿನ ತೊಡೆಯಲ್ಲೋ ಹೊಟ್ಟೆಯಲ್ಲೋ ನೀರುಗುಳ್ಳೆ.

ಇದರ ಹೆಸರು ಬುಲ್ಲಸ್ ಪೆಂಫಿಗಾಯ್ಡ್. ಹೆಚ್ಚಾಗಿ 60 ದಾಟಿದವರಿಗೆ ಬರುತ್ತದೆ. ಚರ್ಮದ ಮೇಲ್ಪದರ ಕೆಳಪದರಕ್ಕೆ ಅಂಟಿಕೊಂಡಿರಲು ಸಣ್ಣ ಕೊಂಡಿಗಳಿವೆ. ನಮ್ಮದೇ ರೋಗನಿರೋಧಕ ಶಕ್ತಿ ಆ ಕೊಂಡಿಗಳನ್ನೇ ಶತ್ರು ಅಂದುಕೊಂಡು ಕಡಿಯುತ್ತದೆ, ಎರಡು ಪದರದ ನಡುವೆ ನೀರು ತುಂಬಿಕೊಳ್ಳುತ್ತದೆ. ಗುಳ್ಳೆ ಬಿಗಿಯಾಗಿರುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ಇದರ ದಾಯಾದಿ ಪೆಂಫಿಗಸ್ ಅಂತ ಇನ್ನೊಂದಿದೆ. ಅದರ ಗುಳ್ಳೆ ಮುಟ್ಟಿದರೆ ಒಡೆದು ಹುಣ್ಣಾಗುತ್ತದೆ, ಎಷ್ಟೋ ಸಲ ಬಾಯಲ್ಲೇ ಶುರುವಾಗುತ್ತದೆ. ಇವೆರಡೂ ಬೇರೆ ಬೇರೆ ಅಂತ 1953ರಲ್ಲಿ ತೋರಿಸಿಕೊಟ್ಟವರು ಚರ್ಮರೋಗ ತಜ್ಞ ವಾಲ್ಟರ್ ಲೀವರ್.

ನಮ್ಮ ಕಡೆ ಗುಳ್ಳೆ ಕಂಡ ಕೂಡಲೇ ಸರ್ಪಸುತ್ತು ಅಂತ ಹೇಳಿ ಕೆಮ್ಮಣ್ಣು ಹಚ್ಚಿಸುವವರು ಈಗಲೂ ಇದ್ದಾರೆ. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯ ಹಾಗೆ ಬರುತ್ತದೆ. ಪೆಂಫಿಗಾಯ್ಡ್ ಎರಡೂ ಕಡೆ ಹರಡುತ್ತದೆ. ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ಫಿಸ್ಟುಲಾ ಕೈಯಲ್ಲೇ ಮೊದಲು ಗುಳ್ಳೆ ಎದ್ದವರೂ ಇದ್ದಾರೆ. ಆಗ ಎಲ್ಲರೂ ಟೇಪಿನ ಅಲರ್ಜಿ ಅಂದುಕೊಳ್ಳುತ್ತಾರೆ, ಟೇಪ್ ಬದಲಾಯಿಸಿ ನೋಡೋಣ ಅಂತ ದಿನ ತಳ್ಳುತ್ತಾರೆ. ಇನ್ನು ಬಿಸಿಲು ಬೀಳುವ ಅಂಗೈ ಹಿಂಭಾಗದಲ್ಲಿ ಹೆಚ್ಚಾಗಿ ಗುಳ್ಳೆ ಏಳುವ, ರೋಗನಿರೋಧಕ ಶಕ್ತಿಗೆ ಸಂಬಂಧವೇ ಇಲ್ಲದ ಇನ್ನೊಂದು ತೊಂದರೆಯೂ ಡಯಾಲಿಸಿಸ್‌ನವರಿಗೆ ಬರುವುದುಂಟು. ಕಣ್ಣಳತೆಯಲ್ಲಿ ಇದೇ ಅಂತ ಹೇಳಿಬಿಡುವುದು ಕಷ್ಟ, ಅಲ್ವಾ?

ಹಾಗಾಗಿ ಬಯಾಪ್ಸಿ ಬೇಕು. ಹೊಸ ಗುಳ್ಳೆಯ ಅಂಚಿನಿಂದ ಒಂದು ಚೂರು, ಪಕ್ಕದ ಚೆನ್ನಾಗಿರುವ ಚರ್ಮದಿಂದ ಇನ್ನೊಂದು ಚೂರು ತೆಗೆಯುತ್ತಾರೆ. ಎರಡನೆಯದನ್ನು ಫಾರ್ಮಲಿನ್‌ಗೆ ಹಾಕಿದರೆ ಪರೀಕ್ಷೆ ಕೆಟ್ಟಿತು, ಅದಕ್ಕೆ ಬೇರೆ ದ್ರಾವಣ ಇದೆ. ಡಯಾಲಿಸಿಸ್ ಮಾಡುವಾಗ ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಕೊಟ್ಟಿರುತ್ತಾರೆ, ಆದ್ದರಿಂದ ಬಯಾಪ್ಸಿಯನ್ನು ಡಯಾಲಿಸಿಸ್ ಇಲ್ಲದ ದಿನ ಇಟ್ಟುಕೊಳ್ಳುವುದು ಒಳ್ಳೆಯದು.

ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆಯ ಚೀಲವನ್ನು ಪೂರ್ತಿ ತೆಗೆದುಕೊಂಡು ಹೋಗಿ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕಳೆದುಕೊಂಡವರೇ ನಮ್ಮಲ್ಲಿ ಜಾಸ್ತಿ. ಅವರ ಚೀಟಿಯಲ್ಲಿ ಹೆಸರಿನ ಕೊನೆಗೆ 'ಗ್ಲಿಪ್ಟಿನ್' ಅಂತ ಬರುವ ಮಾತ್ರೆ ಎಷ್ಟೋ ಸಲ ಇರುತ್ತದೆ: ಲಿನಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಹೀಗೆ. ಈ ಗುಂಪಿನ ಮಾತ್ರೆಗೂ ಈ ಕಾಯಿಲೆಗೂ ನಂಟಿರುವುದು ಈಗ ಗೊತ್ತಾಗಿದೆ. ತೆಗೆದುಕೊಂಡವರಿಗೆಲ್ಲ ಗುಳ್ಳೆ ಬರುತ್ತದೆ ಅಂತಲ್ಲ, ಖಂಡಿತ ಅಲ್ಲ. ನೀವಾಗಿಯೇ ನಿಲ್ಲಿಸಲೂ ಬೇಡಿ. ಡಾಕ್ಟರಿಗೆ ತೋರಿಸಿ, ಬೇಕಾದರೆ ಅವರೇ ಬದಲಾಯಿಸುತ್ತಾರೆ.

ಚಿಕಿತ್ಸೆ ಅಂದರೆ ಮೊದಲು ಸ್ಟೀರಾಯ್ಡ್. ನುಂಗುವ ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ, ಸೋಂಕಿಗೆ ದಾರಿ ಮಾಡುತ್ತದೆ. ಕುತ್ತಿಗೆಯಲ್ಲಿ ಡಯಾಲಿಸಿಸ್‌ನ ಕೊಳವೆ, ಅಂದರೆ ಕ್ಯಾಥೆಟರ್, ಇರುವವರಿಗೆ ಅದು ದೊಡ್ಡ ಭಯ. 2002ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಒಂದು ಅಧ್ಯಯನದಲ್ಲಿ, ಗುಳ್ಳೆ ಮೈತುಂಬ ಹರಡಿದವರಲ್ಲಿ ಸ್ಟೀರಾಯ್ಡ್ ಮಾತ್ರೆ ನುಂಗಿದವರಿಗಿಂತ ಕ್ಲೋಬೆಟಸಾಲ್ ಅನ್ನುವ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಂಡವರೇ ಹೆಚ್ಚು ಮಂದಿ ಬದುಕುಳಿದರು. ಆದರೆ ಮೈಗೆಲ್ಲ ಮುಲಾಮು ಹಚ್ಚಲು ಮನೆಯಲ್ಲಿ ಒಬ್ಬರು ಬೇಕೇ ಬೇಕು, ಮಲಗಿರುವ ಅಜ್ಜನ ಬೆನ್ನಿಗೆ ಯಾರು ಹಚ್ಚುತ್ತಾರೆ ಅನ್ನುವುದು ಚೀಟಿಯಲ್ಲಿ ಬರೆದಿರುವುದಿಲ್ಲ. ಡಾಕ್ಸಿಸೈಕ್ಲಿನ್ ಮಾತ್ರೆಯೂ ಇದೆ, ಕಿಡ್ನಿ ಕೆಟ್ಟಿದೆ ಅಂತ ಅದರ ಪ್ರಮಾಣ ಇಳಿಸಬೇಕಿಲ್ಲ. ಊಟದ ಜೊತೆ ಫಾಸ್ಫರಸ್ ತಗ್ಗಿಸಲು ನುಂಗುವ ಕ್ಯಾಲ್ಸಿಯಂ ಮಾತ್ರೆಯ ಜೊತೆಗೇ ಇದನ್ನು ನುಂಗಿದರೆ ಮಾತ್ರ ಔಷಧಿ ಮೈಗೆ ಸರಿಯಾಗಿ ಸೇರುವುದಿಲ್ಲ, ನಡುವೆ ಕೆಲವು ಗಂಟೆ ಬಿಡಬೇಕು. ಬೇರೆ ರೋಗಿಗಳಿಗೆ ಕೊಡುವ ಮೆಥೊಟ್ರೆಕ್ಸೇಟ್ ಡಯಾಲಿಸಿಸ್‌ನವರಿಗೆ ಬೇಡವೇ ಬೇಡ, ಅದು ಹೊರಹೋಗುವುದು ಕಿಡ್ನಿಯ ಮೂಲಕ. ಒಳಗೇ ಉಳಿದರೆ ರಕ್ತಕಣಗಳು ಕುಸಿಯುತ್ತವೆ.

ಗುಳ್ಳೆಯ ಮೇಲಿನ ಸಿಪ್ಪೆ ಕೀಳಬೇಡಿ. ತುಂಬಾ ದೊಡ್ಡದಾಗಿ ನೋಯುತ್ತಿದ್ದರೆ ಆಸ್ಪತ್ರೆಯಲ್ಲಿ ಶುದ್ಧವಾದ ಸೂಜಿಯಿಂದ ನೀರು ತೆಗೆದು, ಸಿಪ್ಪೆಯನ್ನು ಹಾಗೇ ಹೊದಿಕೆಯಾಗಿ ಬಿಡುತ್ತಾರೆ. ಡಯಾಲಿಸಿಸ್ ಮುಗಿದ ಮೇಲೆ ಟೇಪ್ ಸರ್ರನೆ ಎಳೆಯಬೇಡಿ ಅಂತ ಟೆಕ್ನಿಶಿಯನ್‌ಗೆ ಮೊದಲೇ ಹೇಳಿಡಿ. ಹತ್ತಿಬಟ್ಟೆ ಇಟ್ಟು ಬ್ಯಾಂಡೇಜ್ ಸುತ್ತಿದರೂ ಆಗುತ್ತದೆ, ಆದರೆ ಫಿಸ್ಟುಲಾ ಮೇಲೆ ಬಿಗಿಯಾಗಿ ಸುತ್ತಬಾರದು.

ನಮಸ್ಕಾರ.