ಕಾರಿನವರು ಕಟ್ಟಿದ ಯುದ್ಧದೋಣಿ

ಕೇಳುಗರಿಗೆ ನಮಸ್ಕಾರ.

1939ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನಲ್ಲಿ ಹಡಗು ಕಟ್ಟುವವರಿಗೆ ಕೈತುಂಬಾ ಕೆಲಸ. ಕರಾವಳಿಯಲ್ಲಿ ಜರ್ಮನ್ ಸಬ್‌ಮರೀನ್‌ಗಳನ್ನು ಬೆನ್ನಟ್ಟಲು ಚಿಕ್ಕ ದೋಣಿಗಳು ಬೇಕಿತ್ತು, ಅದೂ ನೂರಾರು. ಆಗ ಮುಂದೆ ಬಂದವರು ನೋಯೆಲ್ ಮ್ಯಾಕ್ಲಿನ್. ಇವರು ಹಡಗಿನವರಲ್ಲ, ಇನ್ವಿಕ್ಟಾ, ರೇಲ್‌ಟನ್ ಕಾರುಗಳನ್ನು ಮಾಡಿಸಿದವರು.

ಅವರ ಯೋಚನೆಯೂ ಕಾರಿನವರದ್ದೇ. ದೋಣಿಯನ್ನು ಒಂದೇ ಕಡೆ ಯಾಕೆ ಕಟ್ಟಬೇಕು? ಪ್ಲೈವುಡ್ ಚೌಕಟ್ಟು ಒಂದು ಕಡೆ ಕೊಯ್ಯಲಿ, ಉಳಿದ ಭಾಗ ಇನ್ನೊಂದು ಕಡೆ ಆಗಲಿ. ಕುರ್ಚಿ ಮೇಜು ಮಾಡುತ್ತಿದ್ದ ಕಾರ್ಖಾನೆಗಳಿಗೂ ಕೆಲಸ ಸಿಕ್ಕಿತು. ಎಲ್ಲ ಭಾಗಗಳೂ ಸಣ್ಣ ಸಣ್ಣ ದೋಣಿಕಟ್ಟೆಗಳಿಗೆ ಹೋಗಿ, ಅಲ್ಲಿ ಜೋಡಣೆ. ಇದೇ ಫೇರ್‌ಮೈಲ್ ದೋಣಿ.

ಮೊದಲನೇ ನಮೂನೆ ಅಷ್ಟಾಗಿ ಹಿಡಿಸಲಿಲ್ಲ. 12 ಕಟ್ಟಿ ನಿಲ್ಲಿಸಿದರು. ಎರಡನೆಯದು, ಅಂದರೆ ಫೇರ್‌ಮೈಲ್ ಬಿ, ನೌಕಾಪಡೆಯವರೇ ರೂಪಿಸಿದ ದುಂಡು ತಳದ ದೋಣಿ. 112 ಅಡಿ ಉದ್ದ. ಅಮೆರಿಕದ ಪೆಟ್ರೋಲ್ ಎಂಜಿನ್‌ಗಳು ಸಾಕಷ್ಟು ಸಿಗುತ್ತಿರಲಿಲ್ಲ, ಹಾಗಾಗಿ ಮೂರರ ಬದಲು ಎರಡೇ ಕೂರಿಸಿದರು. ಆದರೂ ಗಂಟೆಗೆ ಸುಮಾರು 37 ಕಿಲೋಮೀಟರ್ ಓಡುತ್ತಿತ್ತು. ಮರದ ಮೈ, ಹೊಟ್ಟೆಯಲ್ಲಿ ಸಾವಿರಾರು ಲೀಟರ್ ಪೆಟ್ರೋಲ್. ಗುಂಡು ತಗುಲಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಬೇಟೆಗೆ ಮುಖ್ಯ ಸಾಧನ ಆಸ್ಡಿಕ್. ನೀರೊಳಗೆ ಶಬ್ದ ಬಿಟ್ಟು, ಬಂದ ಪ್ರತಿಧ್ವನಿಯಿಂದ ಸಬ್‌ಮರೀನ್ ಎಲ್ಲಿದೆ ಅಂತ ಪತ್ತೆ ಹಚ್ಚುವುದು. ಸಿಕ್ಕರೆ ಅದರ ಮೇಲೆ ಡೆಪ್ತ್ ಚಾರ್ಜ್, ಅಂದರೆ ನೀರಿನಾಳದಲ್ಲಿ ಸಿಡಿಯುವ ಗುಂಡು. ನಿಜ ಹೇಳಬೇಕೆಂದರೆ, ಇವು ಮುಳುಗಿಸಿದ ಸಬ್‌ಮರೀನ್‌ಗಳು ಕಡಿಮೆ. ಹಾಗಂತ ಸುಮ್ನೆ ಲೆಕ್ಕ ಹಾಕಿ ತೀರ್ಪು ಕೊಡುವುದು ತಪ್ಪು. ಆ ಕಾಲದ ಸಬ್‌ಮರೀನ್ ನೀರಡಿ ಬ್ಯಾಟರಿಯಲ್ಲಿ ತೆವಳಬೇಕಿತ್ತು. ದೋಣಿ ಕಂಡು ಅದು ಒಳಗೇ ಅಡಗಿ ಕೂತರೆ, ಸರಕಿನ ಹಡಗುಗಳು ಅಷ್ಟರಲ್ಲಿ ದಾಟಿಬಿಡುತ್ತಿದ್ದವು. ಕೆಲಸ ಆಯಿತಲ್ಲ!

ಕೆನಡಾ ತನ್ನ ನೌಕಾಪಡೆಗೆ 80 ದೋಣಿ ಕಟ್ಟಿತು, ಆಸ್ಟ್ರೇಲಿಯಾ 35. ನಮ್ಮ ಬೊಂಬಾಯಿ, ಕಲ್ಕತ್ತಗಳಲ್ಲೂ ಕಟ್ಟಿದರು. ಅವನ್ನು ನಡೆಸಿದ ರಾಯಲ್ ಇಂಡಿಯನ್ ನೇವಿಯ ನಾವಿಕರು ಬರ್ಮಾದ ಅರಾಕಾನ್ ಕರಾವಳಿಗೆ ಹೋದರು. ಅಲ್ಲಿ ಸಬ್‌ಮರೀನ್‌ಗಿಂತ ಜಾಸ್ತಿ ಕಾಟ ಕೊಟ್ಟಿದ್ದು ಹಿನ್ನೀರಿನ ಕಾಲುವೆಗಳಲ್ಲಿ ಓಡಾಡುವ ಜಪಾನೀ ದೋಣಿಗಳು. ಫೇರ್‌ಮೈಲ್‌ನ ಡೆಕ್ಕಿನಲ್ಲಿ ಆಯುಧ ಬದಲಿಸಲು ಮೊದಲೇ ಉಕ್ಕಿನ ಪಟ್ಟಿಗಳಿದ್ದವು. ಹಾಗಾಗಿ ಸಬ್‌ಮರೀನ್ ಬೇಟೆಗೆ ಹುಟ್ಟಿದ ದೋಣಿಯನ್ನು ಫಿರಂಗಿ ದೋಣಿ ಮಾಡಿಕೊಳ್ಳಲು ಹೆಚ್ಚು ಹೊತ್ತು ಬೇಕಿರಲಿಲ್ಲ.